ಮೂಲೆಯಲ್ಲಿದ್ದ ಕೆಂಪು ಅಂಟು

"ಮುಟ್ಟೋಕೆ ಭಯಾನೋ, ಅಸಹ್ಯಾನೋ?" ಇನ್ಸ್‌ಪೆಕ್ಟರ್ ಕೇಳಿದರು.

ಗುಮ್ಮಿ ತಲೆಯಾಡಿಸಿದಳು. ಎರಡೂ ಅಲ್ಲ ಎಂದೋ, ಎರಡೂ ಹೌದು ಎಂದೋ, ನೋಡಿದವರೇ ಅರ್ಥ ಮಾಡಿಕೊಳ್ಳಬೇಕು.

ಚಿಕ್ಕಪ್ಪನ ಅಂಗಡಿಯ ರಿಪೇರಿ ಮೇಜಿನ ಮೇಲೆ ಪೊಲೀಸರ ಪ್ಲಾಸ್ಟಿಕ್ ಚೀಲ ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ಅದರೊಳಗೆ ಒಂದು ಕಾಲಕ್ಕೆ ಲ್ಯಾಪ್‌ಟಾಪ್ ಎನಿಸಿಕೊಂಡಿದ್ದ ಕರಿ ಮುದ್ದೆ. ಪರದೆ ಕರಗಿ ಕೀಲಿಮಣೆಯ ಮೇಲೆ ಮಕಾಡೆ ಮಲಗಿತ್ತು. ತಳಕ್ಕೆ ಹೊದಿಕೆಯ ಒಂದು ಚೂರು ಸುಟ್ಟು ಕಚ್ಚಿಕೊಂಡಿತ್ತು. ಬಟ್ಟೆಯ ಬಣ್ಣ ಯಾವುದಿತ್ತೋ ಹೇಳಲಾಗದು. ಅಂಚಿಗೆ ಹಾಕಿದ ಹಸಿರು ದಾರದ ದಪ್ಪ ಹೊಲಿಗೆ ಮಾತ್ರ ಹೇಗೋ ಬೆಂಕಿಯ ಕಣ್ಣು ತಪ್ಪಿಸಿ ಉಳಿದಿತ್ತು.

"ನನಗಂತೂ ವಾಸನೆ ಬಡಿಯಲ್ಲ," ಇನ್ಸ್‌ಪೆಕ್ಟರ್ ಕರವಸ್ತ್ರದಿಂದ ಮೂಗು ಒರೆಸಿಕೊಂಡರು. "ನೆಗಡಿ. ಮೂಗು ರಜೆ ಹಾಕಿ ಕೂತಿದೆ. ಅದರ ಪಾಲಿನ ಕೆಲಸಾನೂ ಕಣ್ಣೇ ಮಾಡ್ಬೇಕು."

ಮನೆ ಕಟ್ಟುವವರಿಗೆ ನಕ್ಷೆ ಬರೆದುಕೊಡುತ್ತಿದ್ದ ಮುದುಕರು, ಊರೆಲ್ಲ ನಕ್ಷೆ ಮೇಷ್ಟ್ರು ಎನ್ನುತ್ತಿದ್ದವರು, ಮಧ್ಯಾಹ್ನ ಮಲಗಿದ್ದ ಕೋಣೆಯಲ್ಲೇ ಹೊಗೆ ಕುಡಿದು ಸತ್ತಿದ್ದರು. ಹಾಸಿಗೆ ಪಕ್ಕ ಹೊದಿಕೆಯಲ್ಲಿ ಸುತ್ತಿಟ್ಟಿದ್ದ ಈ ಲ್ಯಾಪ್‌ಟಾಪ್‌ನಿಂದಲೇ ಬೆಂಕಿ ಎದ್ದದ್ದು ಎನ್ನುವಲ್ಲಿಗೆ ವಿಚಾರಣೆ ಬಂದು ನಿಂತಿತ್ತು. ಸುತ್ತಿಟ್ಟವಳು ಅವರ ಸೊಸೆ.

ಆ ಸೊಸೆಯೂ ಅಂಗಡಿಯೊಳಗೇ ಇದ್ದಳು. ಇನ್ಸ್‌ಪೆಕ್ಟರ್ ಜೀಪಿನಲ್ಲಿ ಕೂರಿಸಿಕೊಂಡು ಬಂದಿದ್ದರು. ಮೆತ್ತನೆಯ ಬೆಂಚು ಖಾಲಿ ಇದ್ದರೂ ಅವಳು ಗೋಡೆಯ ಪಕ್ಕದ ಹಳೆ ಕಪಾಟಿನ ಬುಡದಲ್ಲಿ ಮರದ ಸ್ಟೂಲು ಎಳೆದುಕೊಂಡು, ಮೊಣಕಾಲ ಮೇಲೆ ಕೈ ಮಡಚಿಟ್ಟು ಕೂತಿದ್ದಳು. ಗಂಡ ತೀರಿಕೊಂಡ ಮೇಲೂ ಮೇಷ್ಟ್ರ ಜೊತೆಗೇ ಉಳಿದು, ಬಟ್ಟೆ ಹೊಲಿದು ಮನೆ ನಡೆಸಿದವಳು. ಈಗ ಪಕ್ಕದ ಮನೆಯವರು ಕೊಟ್ಟ ಸೀರೆಯಲ್ಲಿದ್ದಳು.

ಗುಮ್ಮಿಗೆ ಅತ್ತ ನೋಡಲು ಧೈರ್ಯ ಸಾಲದು. ಅವಳ ಕಣ್ಣು ಕಪಾಟಿನ ಹಿಂದಿನ ಗೋಡೆಗೆ ಹೋಯಿತು. ಅಲ್ಲಿನ ಪ್ಲಗ್ಗಿನ ಪುಟ್ಟ ಕೆಂಪು ದೀಪ ಉರಿಯುತ್ತಿತ್ತು. ಚಿಕ್ಕಪ್ಪ ಆರಿಸಲು ಮರೆತಿರಬೇಕು. ಕರೆಂಟಿನ ವಿಷಯದಲ್ಲಿ ಅಷ್ಟೊಂದು ಜುಗ್ಗನಾದ ಚಿಕ್ಕಪ್ಪ.

"ನಮ್ಮ ಕಡೆಯಿಂದ ಒಂದು ಎಳ್ಳಿನಷ್ಟೂ ತಪ್ಪಿಲ್ಲ ಮೇಡಮ್," ಚಿಕ್ಕಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಉಜ್ಜಿದ. ಆಗಲೇ ಉಜ್ಜಿದ್ದ. "ಗ್ರಾಫಿಕ್ಸ್ ಚಿಪ್ ಹೋಗಿತ್ತು. ಹೊಸದು ಹಾಕಿ ಕೊಟ್ಟಿದ್ದೀವಿ. ಫಳಫಳ ಅನ್ನೋ ಹೊಸದು. ಮನೆಗೆ ತಗೊಂಡು ಹೋಗಿ ಹೊದಿಕೆ ಹೊದ್ದಿಸಿ ಮಲಗಿಸಿದ್ರೆ ಅದೇನು ಹಸುಗೂಸಾ?"

ಹೊಸ ಚಿಪ್! ಗುಮ್ಮಿಯ ಕಿವಿ ಕೆಂಪಾಯಿತು.

ಹೊಸದೂ ಇಲ್ಲ, ಮಣ್ಣೂ ಇಲ್ಲ. ಪರದೆಗೆ ಚಿತ್ರ ಕಳಿಸುವ ಆ ಚಿಪ್ ಕಣ್ಣು ಮುಚ್ಚಿದಾಗ, ಸುತ್ತಲಿನ ಭಾಗಗಳಿಗೆ ಅಲ್ಯೂಮಿನಿಯಂ ಹಾಳೆ ಹೊದಿಸಿ, ಮೇಲಿನಿಂದ ಬಿಸಿಗಾಳಿ ಹಿಡಿದವಳು ಅವಳೇ. ಬಿಸಿ ತಾಕಿದರೆ ಸತ್ತ ಚಿಪ್ ಎದ್ದು ಕೂರುತ್ತದೆ. ಆದರೆ ಅದು ವಾಸಿಯಾಗಿ ಏಳುವುದಲ್ಲ; ಮೂರ್ಛೆ ಹೋದವನ ಮುಖಕ್ಕೆ ನೀರು ಚಿಮುಕಿಸಿದಂತೆ. ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು, ಆಮೇಲೆ ಮತ್ತೆ ಕತ್ತಲೆ. ಇದು ಚಿಕ್ಕಪ್ಪನಿಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ನಂಬಿ ಬಂದ ಗಿರಾಕಿಗೆ ಮಾತ್ರ ಗೊತ್ತಿರಲಿಲ್ಲ.

"ಕೆಲಸ ಮಾಡಿದ್ದು ಯಾರು?"

"ಇವಳೇ. ನಮ್ಮಣ್ಣನ ಮಗಳು. ಓದಿದ್ದು ಸಾಹಿತ್ಯ, ಕೈಗೆ ಬಂದಿದ್ದು ಸ್ಕ್ರೂ ಡ್ರೈವರ್. ಮಾತಾಡ್ಸಿ ನೋಡಿ, ಬಾಯಿಂದ ಮುತ್ತು ಉದುರಿದ್ರೆ ನಿಮ್ಮ ಪುಣ್ಯ. ಗುಮ್ಮನಗುಸುಕಿ ಅಂತ ಕರೀತಿದ್ದೆ, ಅದು ಸವೆದು ಗುಮ್ಮಿ ಆಗಿದೆ."

"ಹಾಗಾದ್ರೆ ಹೇಳಿಕೆಗೆ ಇವಳ ರುಜು ಬೇಕು," ಇನ್ಸ್‌ಪೆಕ್ಟರ್ ಒಂದು ಹಾಳೆ ಮುಂದೆ ಸರಿಸಿದರು. "ರಿಪೇರಿ ಸರಿಯಾಗಿತ್ತು, ಹೊದಿಕೆ ಸುತ್ತಿದ್ದೇ ಕಾರಣ ಅಂತ. ರುಜು ಬಿದ್ದ ತಕ್ಷಣ ಇವರನ್ನ ಕರ್ಕೊಂಡು ಹೊರಡ್ತೀನಿ. ನಿರ್ಲಕ್ಷ್ಯದಿಂದ ಒಂದು ಜೀವ ಹೋಗಿದೆ. ಸುಮ್ನೆ ಬಿಡೋ ಹಾಗಿಲ್ಲ."

"ಹಾಕು ಮಗಳೇ, ಹಾಕು," ಎಂದ ಚಿಕ್ಕಪ್ಪ. ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನು ಗುರುಗುಟ್ಟಿತು. ತೆಗೆದು ನೋಡಿ, ಕಿವಿಗಿಡದೆ ಅದನ್ನು ಆರಿಸಿದ. "ಒಂದ್ನಿಮಿಷ ಮೇಡಮ್, ಒಬ್ಬರು ಸಾಮಾನು ಹಿಡ್ಕೊಂಡು ರಸ್ತೆ ಮೂಲೇಲಿ ಕಾಯ್ತಿದ್ದಾರೆ. ಹೀಗೆ ಹೋಗಿ ಹಾಗೆ ಬಂದೆ."

ಹೋದ. ಅಂಗಡಿಗೆ ಬರುವ ಹರಕು ಕೀಬೋರ್ಡನ್ನೂ ಎತ್ತಿ ಮೂಸಿ ನೋಡುವ ಚಿಕ್ಕಪ್ಪ ಮೇಜಿನ ಮೇಲಿದ್ದ ಕರಿ ಮುದ್ದೆಯ ಕಡೆ ಒಮ್ಮೆಯೂ ಬಗ್ಗಿ ನೋಡಲಿಲ್ಲ ಎಂಬುದು ಗುಮ್ಮಿಗೆ ಆಮೇಲೆ ಹೊಳೆಯಿತು.

"ನೀರು ಕುಡೀತೀನಿ," ಎಂದು ಸೊಸೆ ಎದ್ದಳು. ಒಳಕೋಣೆಯ ಬಾಗಿಲ ಪರದೆ ಸರಿಸಿ ಒಳಗೆ ಹೋಗಿ, ಲೋಟದ ಸದ್ದಾಗಿ, ಸೆರಗಿನಲ್ಲಿ ಬಾಯಿ ಒರೆಸುತ್ತ ಬಂದು ಮತ್ತೆ ಅದೇ ಸ್ಟೂಲಿನ ಮೇಲೆ ಕೂತಳು.

"ಕೊನೇ ಸಲ ಕೇಳ್ತೀನಮ್ಮ," ಇನ್ಸ್‌ಪೆಕ್ಟರ್ ಅವಳ ಕಡೆ ತಿರುಗಿದರು. "ಹೊದಿಕೆ ಸುತ್ತು ಅಂತ ಯಾರು ಹೇಳಿಕೊಟ್ರು?"

"ಯಾರೂ ಇಲ್ಲ. ನನಗೇ ಹೊಳೀತು."

"ಹೊಳೀತು! ಹಾಲಿಗೆ ಹೆಪ್ಪು ಹಾಕಿ ಬೆಚ್ಚಗಿಡೋದು ಹೊಳೆಯುತ್ತೆ, ಒಪ್ತೀನಿ. ಲ್ಯಾಪ್‌ಟಾಪ್ ಬೆಚ್ಚಗಿಡ್ಬೇಕು ಅಂತ ಯಾರಿಗಾದ್ರೂ ಹೊಳೆಯುತ್ತಾ?"

"ನನಗೆ ಹೊಳೀತು ಮೇಡಮ್. ಬರ್ಕೊಳ್ಳಿ."

ಗುಮ್ಮಿ ಪೆನ್ನು ಹಿಡಿದಿದ್ದಳು. ಹಾಳೆಯ ಮೇಲೆ ಒಂದು ಚುಕ್ಕೆ ಬಿತ್ತು, ಅದರ ಮುಂದೆ ಪೆನ್ನು ಓಡಲಿಲ್ಲ.

ಸೊಸೆ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಎರಡನೇ ಸಲ ಬಂದಿದ್ದ ಸಂಜೆ ಕಣ್ಣ ಮುಂದೆ ನಿಂತಿತು. ಕೌಂಟರಿನಿಂದ ಆಚೆಯೇ ನಿಂತು, "ತಂಗೀ, ಮತ್ತೆ ಕಣ್ಣು ಮುಚ್ಕೊಂಡಿದೆ ಕಣೇ. ಮಾವನೋರು ಊಟಾನೂ ಸರಿಯಾಗಿ ಮಾಡ್ತಿಲ್ಲ. ಅರ್ಧ ಬರೆದ ನಕ್ಷೆ ಅದರಲ್ಲೇ ಉಳ್ಕೊಂಡಿದೆ," ಎಂದಿದ್ದಳು. ಚಿಕ್ಕಪ್ಪ ಒಳಗಿದ್ದ. ಹೊಸ ಚಿಪ್ ಯಾಕೆ ಇಷ್ಟು ಬೇಗ ಹೋಯಿತು ಎಂದು ಇವಳು ಜೋರಾಗಿ ಕೇಳಿಬಿಟ್ಟರೆ? ಗುಮ್ಮಿ ಕೌಂಟರಿನ ಮೇಲೆ ಬಾಗಿ ಪಿಸುಗುಟ್ಟಿದ್ದಳು: "ಅಕ್ಕಾ, ಆನ್ ಮಾಡಿ ದಪ್ಪ ಬಟ್ಟೆ ಸುತ್ತಿಡಿ. ಒಳಗಿನ ಬಿಸಿ ಹೊರಗೆ ಹೋಗದೆ ಚಿಪ್‌ಗೇ ತಾಕುತ್ತೆ. ಆಮೇಲೆ ಬರುತ್ತೆ. ಯಾರ ಹತ್ರಾನೂ ಹೇಳ್ಬೇಡಿ."

ಈ ಕಸುಬಿನವರಿಗೆಲ್ಲ ಗೊತ್ತಿದ್ದು, ಯಾರೂ ಗಿರಾಕಿಯ ಮುಂದೆ ಬಾಯಿಬಿಡದ ಹುಚ್ಚು ಉಪಾಯ ಅದು. ಅವಳು ಬಾಯಿ ಬಿಟ್ಟಿದ್ದಳು. ಮಾತೇ ಆಡದವಳು ಆಡಿದ ಒಂದೇ ಮಾತು ಒಂದು ಮನೆಗೆ ಕಿಚ್ಚಿಟ್ಟಿತ್ತು. ಪಕ್ಕದಲ್ಲೇ ಕೂತಿರಿ, ಒಬ್ಬರನ್ನೇ ಬಿಟ್ಟು ಹೋಗಬೇಡಿ ಎಂದು ಹೇಳಿದ್ದೆನೇ? ಸುದ್ದಿ ಕೇಳಿದಂದಿನಿಂದ ಆ ಸಂಜೆಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು. ಕೆಲವೊಮ್ಮೆ ಹೇಳಿದಂತೆ ಅನಿಸುತ್ತಿತ್ತು. ಹಾಗೆ ಅನಿಸಿದಾಗಲೇ ತನ್ನ ಮೇಲೆ ಹೆಚ್ಚು ಗುಮಾನಿ ಬರುತ್ತಿತ್ತು.

ಈಗ ಆ ಅಕ್ಕ ಕೊಟ್ಟ ಮಾತನ್ನು ಉಳಿಸಿಕೊಳ್ಳುತ್ತಿದ್ದಾಳೆ. ಜೈಲಿಗೆ ಹೋಗುವ ಹೊತ್ತಿನಲ್ಲೂ.

"ನಾನು ಹೇಳಿದ್ದು," ಗುಮ್ಮಿ ಎಂದಳು.

"ಏನು?" ಇನ್ಸ್‌ಪೆಕ್ಟರ್ ಕಿವಿ ಮುಂದೆ ತಂದರು. "ಜೋರಾಗಿ ಹೇಳಮ್ಮ. ಇರುವೆ ಕೆಮ್ಮಿದ ಹಾಗೆ ಕೇಳಿಸ್ತು."

"ಹೊದಿಕೆ ಸುತ್ತಿ ಅಂತ ಹೇಳಿದ್ದು ನಾನು. ಹೊಸ ಚಿಪ್ ಹಾಕಿರ್ಲಿಲ್ಲ. ಹಳೇದನ್ನೇ ಬಿಸಿ ಮಾಡಿ ಕೊಟ್ಟಿದ್ವಿ. ಮತ್ತೆ ಕೆಟ್ಟಾಗ ಜಗಳ ಆಗ್ಬಾರ್ದು ಅಂತ ನಾನೇ ಈ ಉಪಾಯ ಹೇಳ್ದೆ. ಅಕ್ಕಂದು ಏನೂ ತಪ್ಪಿಲ್ಲ."

"ಸುಮ್ನಿರೇ!" ಸೊಸೆಯ ದನಿ ಚುರುಕಾಯಿತು. "ಇಲ್ಲದ್ದನ್ನ ಯಾಕೆ ಮೈಮೇಲೆ ಎಳ್ಕೊಳ್ತೀಯ? ಮೇಡಮ್, ಸಣ್ಣ ಹುಡುಗಿ, ಹೆದರಿದ್ದಾಳೆ. ನಾನೇ ಸುತ್ತಿದ್ದು, ಮರೆತು ದಿನಸಿ ಅಂಗಡಿಗೆ ಹೋಗಿದ್ದು. ಕೈತಪ್ಪಿ ಆಗಿದ್ದು. ಅಷ್ಟೇ."

ಇನ್ಸ್‌ಪೆಕ್ಟರ್ ಒಬ್ಬರನ್ನಾದ ಮೇಲೆ ಒಬ್ಬರನ್ನು ನೋಡಿದರು. "ಇದೊಳ್ಳೆ ಕಥೆ. ಸಾಮಾನ್ಯವಾಗಿ ನಾನಲ್ಲ ನಾನಲ್ಲ ಅನ್ನೋರನ್ನ ನೋಡಿದ್ದೀನಿ. ನಂದು ನಂದು ಅಂತ ಕಿತ್ತಾಡೋರು ಇದೇ ಮೊದಲು." ಸೀನಿದರು. "ನೋಡು ಗುಮ್ಮಿ, ಬಾಯಿಮಾತು ನಡೆಯಲ್ಲ. ಸಂಜೆ ನಿನ್ನ ಚಿಕ್ಕಪ್ಪ ಬಂದು, ಹುಡುಗಿಗೆ ತಲೆ ಕೆಟ್ಟಿದೆ, ಹೊಸ ಚಿಪ್ಪೇ ಹಾಕಿದ್ದು ಅಂದ್ರೆ? ಬಿಸಿ ಮಾಡಿದ ಗುರುತು ಇದ್ಯಾ? ಇದ್ರೆ ತೋರಿಸು."

ಗುರುತು ಇತ್ತು. ಅವಳಿಗಿಂತ ಚೆನ್ನಾಗಿ ಅದು ಇನ್ಯಾರಿಗೆ ಗೊತ್ತು?

ಗುಮ್ಮಿ ಕೈಗವಸು ಹಾಕಿಕೊಂಡಳು. ಸ್ಕ್ರೂಗಳು ಸುಟ್ಟು ತಿರುಗದಂತಾಗಿದ್ದವು. ತಳವನ್ನು ಇಕ್ಕಳದಿಂದ ಚೂರು ಚೂರಾಗಿ ಮುರಿದು ತೆಗೆಯಬೇಕಾಯಿತು. ಹೊದಿಕೆಯ ಚೂರನ್ನು ಹಸಿರು ದಾರದ ಸಮೇತ ಬಿಡಿಸಿ ಇನ್ಸ್‌ಪೆಕ್ಟರರ ಕೈಗೆ ಕೊಟ್ಟಳು. ಬೆರಳು ಮುಟ್ಟಿದಲ್ಲೆಲ್ಲ ಮಸಿ. ಯಾರದೋ ಹೆಣದ ಮೈ ತೊಳೆಯುತ್ತಿದ್ದೇನೆ ಅನಿಸಿತು.

"ಮೂಲೆಗಳಲ್ಲಿ ಅಂಟು ಇರುತ್ತೆ," ಕೆಲಸ ಮಾಡುತ್ತಲೇ ಹೇಳಿದಳು. ಕೈಯಲ್ಲಿ ಉಪಕರಣ ಇದ್ದಾಗ ಅವಳ ನಾಲಿಗೆಗೆ ಅಷ್ಟು ಭಯವಿರುತ್ತಿರಲಿಲ್ಲ. "ಚಿಪ್ ಅಲುಗಾಡಬಾರ್ದು ಅಂತ ಕಾರ್ಖಾನೇಲೇ ನಾಲ್ಕು ಮೂಲೆಗೂ ಕೆಂಪು ಅಂಟಿನ ತೊಟ್ಟು ಹಾಕಿರ್ತಾರೆ. ಬಿಸಿ ಮಾಡೋಕೆ ಮುಂಚೆ ಅದನ್ನ ಕೆರೆದು ತೆಗೀಬೇಕು. ಇಲ್ಲದಿದ್ರೆ ಚಿಪ್ ಸರಿಯಾಗಿ ಕೂರಲ್ಲ. ನಾನು ಕೆರೆದಿದ್ದೆ. ಕೆರೆಯೋವಾಗ ಬ್ಲೇಡು ಜಾರಿ..."

"ಜಾರಿ?"

"ಬೋರ್ಡಿನ ಮೇಲೆ ಒಂದು ಗೀರು ಬಿತ್ತು. ಉಗುರಿನಷ್ಟುದ್ದ. ಒಳಗಿನ ತಾಮ್ರ ಕಾಣೋ ಅಷ್ಟು. ಅದನ್ನ ಚಿಕ್ಕಪ್ಪಂಗೂ ಹೇಳಿಲ್ಲ."

"ನೀನು ಹೇಳದೇ ಇರೋದನ್ನೆಲ್ಲ ಗುಡ್ಡೆ ಹಾಕಿದ್ರೆ ಒಂದು ಮನೆ ತುಂಬುತ್ತೆ ಅನ್ಸುತ್ತೆ," ಎಂದರು ಇನ್ಸ್‌ಪೆಕ್ಟರ್. ಆದರೆ ಆ ಮಾತಿನಲ್ಲಿ ಮುಳ್ಳಿರಲಿಲ್ಲ.

ಶಾಖ ಒಯ್ಯುವ ತಾಮ್ರದ ಕೊಳವೆ ಮೇಲೆದ್ದಿತು. ಅದರಡಿಯಲ್ಲಿ ಚಿಪ್. ಗುಮ್ಮಿ ಸ್ಪಿರಿಟ್ಟಿನಲ್ಲಿ ಅದ್ದಿದ ಕುಂಚದಿಂದ ಮಸಿ ತೊಳೆದು, ಬೋರ್ಡನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಕಣ್ಣು ಆನಿಸಿದಳು.

ಎಡ ಮೂಲೆ. ಬಲ ಮೂಲೆ. ಮತ್ತೆ ಎಡ.

ಗೀರು ಕಾಣಲಿಲ್ಲ. ಬೋರ್ಡನ್ನು ತಿರುಗಿಸಿದಳು. ದೀಪವನ್ನು ಓರೆ ಮಾಡಿದಳು. ಇನ್ನೊಮ್ಮೆ ತೊಳೆದಳು. ಎಲ್ಲಿ ಹೋಯಿತು? ಆ ಗೀರು ಬಿದ್ದ ದಿನ ಊಟ ಸೇರಿರಲಿಲ್ಲ. ಬೆಂಕಿ ಎಷ್ಟೇ ಉರಿದರೂ ಬೋರ್ಡಿನ ಗಾಯವನ್ನು ವಾಸಿ ಮಾಡಲಾರದು.

ಅದರ ಬದಲು ಮೂಲೆಯಲ್ಲಿ ಏನೋ ಉಬ್ಬಿಕೊಂಡಿತ್ತು. ಇದ್ದಲಿನಂಥ ಕರಿ ಗುಳ್ಳೆ. ಗುಮ್ಮಿ ಸೂಜಿಯ ತುದಿಯಿಂದ ಮೆಲ್ಲಗೆ ಅದರ ನೆತ್ತಿ ಕೆರೆದಳು. ಕಪ್ಪು ಸಿಪ್ಪೆ ಎದ್ದು ಬಂತು. ಒಳಗೆ ಕೆಂಪು.

ಇನ್ನೊಂದು ಮೂಲೆ ಕೆರೆದಳು. ಕೆಂಪು. ನಾಲ್ಕೂ ಕಡೆ ಕೆಂಪು.

ಅವಳು ಕಣ್ಣು ತೆಗೆಯಲಿಲ್ಲ. ತೆಗೆದರೆ ಮಾತಾಡಬೇಕಾಗುತ್ತಿತ್ತು. ತನ್ನ ತಪ್ಪಿನ ಗುರುತನ್ನೇ ಹುಡುಕಲು ಹೊರಟವಳಿಗೆ ಅದು ಸಿಗದೆ ಹೋದಾಗ ಮೊದಲು ಎದೆ ಹಗುರಾಗಬೇಕಿತ್ತು. ಅವಳು ನಾಲ್ಕೂ ಮೂಲೆಗಳನ್ನು ಇನ್ನೊಮ್ಮೆ ಎಣಿಸಿದಳು.

"ಮೇಡಮ್," ಎಂದಳು. "ಇದನ್ನ ಯಾರೂ ಬಿಸಿ ಮಾಡಿಲ್ಲ. ಯಾರೂ ಮುಟ್ಟೇ ಇಲ್ಲ. ಕಾರ್ಖಾನೇಲಿ ಹಾಕಿದ ಅಂಟು ಹಾಗೇ ಇದೆ."

"ಅಂದ್ರೆ ಹೊಸ ಚಿಪ್ ಹಾಕಿದ್ರು ಅಂತಾನಾ? ನಿನ್ನ ಚಿಕ್ಕಪ್ಪ ಹೇಳಿದ್ದೇ ನಿಜ?"

"ಅಲ್ಲ. ಹೊಸದು ಹಾಕ್ಬೇಕಿದ್ರೂ ಈ ಅಂಟು ಕೀಳಲೇಬೇಕು. ಚಿಕ್ಕಪ್ಪ ಹೇಳಿದ್ದು ನಿಜವಾದ್ರೂ ಇದು ಇರಬಾರ್ದು, ನಾನು ಹೇಳಿದ್ದು ನಿಜವಾದ್ರೂ ಇರಬಾರ್ದು." ಗುಮ್ಮಿ ಸೂಜಿಯನ್ನು ಮೇಜಿನ ಮೇಲಿಟ್ಟಳು. "ಇದು ಮೇಷ್ಟ್ರ ಲ್ಯಾಪ್‌ಟಾಪ್ ಅಲ್ಲ. ಅದೇ ಮಾದರಿದು, ಬೇರೇದು."

ಅಂಗಡಿಯ ಮುಂದೆ ಯಾವುದೋ ಗಾಡಿ ಹಾದುಹೋಯಿತು. ಅದು ಹೋದ ಮೇಲೂ ಎಲ್ಲೋ ಸಣ್ಣಗೆ ಗುಂಯ್‌ಗುಟ್ಟುವ ಸದ್ದು ಉಳಿದಂತಿತ್ತು. ತನ್ನ ಕಿವಿಯೇ ಇರಬೇಕು ಅಂದುಕೊಂಡಳು ಗುಮ್ಮಿ.

ಇನ್ಸ್‌ಪೆಕ್ಟರ್ ಬಂದು ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. ಬಹಳ ಹೊತ್ತು ನೋಡಿದರು. ತಲೆ ಎತ್ತಿದಾಗ ಮುಖದಲ್ಲಿ ನೆಗಡಿಯ ಮಂಕು ಇರಲಿಲ್ಲ.

"ಅಲ್ಲಮ್ಮಾ," ಸೊಸೆಯನ್ನು ಕೇಳಿದರು, "ನೀನು ಹೊದಿಕೆ ಸುತ್ತಿದ್ದು ನಿಮ್ಮ ಮನೆ ಲ್ಯಾಪ್‌ಟಾಪ್‌ಗೆ ತಾನೇ? ಹಾಗಾದ್ರೆ ಸುಟ್ಟಿರೋದು ಯಾರದ್ದು?"

ಗುಮ್ಮಿ ಆಗ ಅವಳತ್ತ ನೋಡಿದಳು. ಬಿಡುಗಡೆಯ ನಿಟ್ಟುಸಿರೋ, ಅಳುವೋ, ಏನೋ ಒಂದು ಕಾಣುತ್ತದೆ ಎಂದುಕೊಂಡಿದ್ದಳು. ಸೊಸೆಯ ಮುಖ ಇಸ್ತ್ರಿ ಹಾಕಿದ ಬಟ್ಟೆಯಂತಿತ್ತು. ಒಂದು ಸುಕ್ಕಿಲ್ಲ.

"ನನಗೇನು ಗೊತ್ತು ಮೇಡಮ್? ಸುಟ್ಟು ಕರಕಲಾಗಿರೋದ್ರಲ್ಲಿ ಕೆಂಪೆಲ್ಲಿ, ಕಪ್ಪೆಲ್ಲಿ? ನಾನೇ ಮಾಡಿದ್ದು ಅಂತ ಒಪ್ಕೊಂಡಿದ್ದೀನಲ್ಲ. ಕೈತಪ್ಪಿ ಆಯ್ತು. ಬರ್ಕೊಂಡು ಮುಗಿಸಿಬಿಡಿ."

"ಮುಗಿಸೋಣ, ಮುಗಿಸೋಣ. ಅವಸರ ಏನು?" ಇನ್ಸ್‌ಪೆಕ್ಟರ್ ಗುಮ್ಮಿಯತ್ತ ತಿರುಗಿದರು. "ಇದೇ ಮಾದರಿ ಇನ್ನೊಂದು ಎಲ್ಲಿ ಸಿಗುತ್ತೆ? ಹಳೇದಲ್ವಾ?"

"ಈಗ ಬರ್ತಿಲ್ಲ. ಸಿಗೋದು ಕಷ್ಟ." ಹೇಳುತ್ತಿದ್ದಂತೆಯೇ ಗುಮ್ಮಿಯ ಮಾತು ನಿಧಾನವಾಯಿತು. "ನಮ್ಮ ಹತ್ರಾನೇ ಒಂದಿತ್ತು."

"ಎಲ್ಲಿ?"

"ಆ ಕಪಾಟಲ್ಲಿ. ಸತ್ತಿರೋವನ್ನೆಲ್ಲ ಅಲ್ಲಿಡ್ತೀವಿ. ಬಿಡಿಭಾಗಕ್ಕೆ ಬೇಕಾಗುತ್ತೆ ಅಂತ. ಚಿಕ್ಕಪ್ಪ ಹೆಣದ ಮನೆ ಅಂತಾರೆ. ನೀರು ಬಿದ್ದು ಕೆಟ್ಟಿದ್ದ ಒಂದು ಮೇಲಿನ ಅಟ್ಟಣೇಲಿತ್ತು. ಅದನ್ನ ನಾವು ಬಿಚ್ಚೇ ಇರ್ಲಿಲ್ಲ."

"ಇನ್ನೂ ಇದ್ಯಾ ನೋಡು."

ಮೇಲಿನ ಅಟ್ಟಣೆ ಕೈಗೆಟುಕದು. ಅಂಗಡಿಯಲ್ಲಿದ್ದದ್ದು ಅದೊಂದೇ ಸ್ಟೂಲು.

"ಅಕ್ಕಾ, ಒಂಚೂರು ಏಳ್ತೀರಾ?"

ಸೊಸೆ ತಕ್ಷಣ ಏಳಲಿಲ್ಲ. ಎದ್ದ ಮೇಲೂ ಪಕ್ಕಕ್ಕೆ ಸರಿಯಲಿಲ್ಲ. ಕಪಾಟಿಗೆ ಬೆನ್ನು ಕೊಟ್ಟು ನಿಂತಳು. ಗುಮ್ಮಿ ಅವಳ ಭುಜ ತಾಕಿಸಿಕೊಂಡೇ ಸ್ಟೂಲು ಹತ್ತಿದಳು.

ಅಟ್ಟಣೆಯ ಮುಂದೆಲ್ಲ ಹಳೆ ಚಾರ್ಜರುಗಳ ಗೋಜಲು. ಅದನ್ನು ಸರಿಸಿದಳು. ಹಿಂದೆ, ನೀರು ಬಿದ್ದ ಲ್ಯಾಪ್‌ಟಾಪ್ ಇರಬೇಕಾದ ಜಾಗದಲ್ಲಿ, ಅದು ಇರಲಿಲ್ಲ. ಜಾಗ ಖಾಲಿಯೂ ಇರಲಿಲ್ಲ.

ಏನೋ ಒಂದು ಗಂಟು. ದಪ್ಪ ಬಟ್ಟೆಯಲ್ಲಿ ಅಚ್ಚುಕಟ್ಟಾಗಿ, ಕೂಸನ್ನು ಸುತ್ತಿದಂತೆ ಸುತ್ತಿದ್ದು. ಒಂದು ತಂತಿ ಅದರೊಳಗಿನಿಂದ ಹೊರಬಂದು ಕಪಾಟಿನ ಹಿಂದೆ ಇಳಿದಿತ್ತು, ಆ ಕೆಂಪು ದೀಪದ ಪ್ಲಗ್ಗಿನ ಕಡೆಗೆ.

ಗುಮ್ಮಿ ಕೈಯಿಟ್ಟಳು.

ಬೆಚ್ಚಗಿತ್ತು.

ಬಟ್ಟೆಯ ಅಂಚು ಬೆರಳಿಗೆ ತಡೆಯಿತು. ತಡವಿದಳು. ದಪ್ಪ ಹೊಲಿಗೆ. ಅರೆಗತ್ತಲಿನಲ್ಲೂ ದಾರ ಹಸಿರಾಗಿ ಕಂಡಿತು. ಒಳಗಿದ್ದದ್ದು ಮೇಷ್ಟ್ರ ಲ್ಯಾಪ್‌ಟಾಪ್, ಅರ್ಧ ಬರೆದ ನಕ್ಷೆಯ ಸಮೇತ.

ಚಿಕ್ಕಪ್ಪನಿಗೆ ಹೊದಿಕೆ ಬೇಕಿಲ್ಲ. ಅವನ ಮೇಜಿನ ಮೇಲೆ ಬಿಸಿಗಾಳಿಯ ಯಂತ್ರವೇ ಇದೆ. ಹೊದಿಕೆ ಸುತ್ತುವವರನ್ನು ಕಂಡರೆ ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. ಯಂತ್ರ ಗೊತ್ತಿಲ್ಲದೆ ಉಪಾಯ ಮಾತ್ರ ಗೊತ್ತಿರುವವರು ಮಾಡುವ ಕೆಲಸ ಇದು. ಆ ಉಪಾಯವನ್ನು ಗುಮ್ಮಿ ಜೀವಮಾನದಲ್ಲಿ ಒಬ್ಬರಿಗೆ ಹೇಳಿದ್ದಳು.

ಯಾವತ್ತೂ ಕೌಂಟರ್ ದಾಟಿ ಬರದಿದ್ದವಳಿಗೆ ಪರದೆಯ ಹಿಂದೆ ಲೋಟ ಎಲ್ಲಿದೆ ಎಂದು ಹೇಗೆ ಗೊತ್ತಾಯಿತು? ಒಳಗೆ ಬಿಟ್ಟುಕೊಂಡದ್ದು ಚಿಕ್ಕಪ್ಪನಲ್ಲದೆ ಇನ್ಯಾರು?

ನೀರು ಬಿದ್ದು ಸತ್ತ ಲ್ಯಾಪ್‌ಟಾಪ್ ತಾನಾಗಿ ಹೊತ್ತಿಕೊಳ್ಳದು; ಯಾರೋ ಹೊತ್ತಿಸಿದ್ದರು. ಅವಳು ನನ್ನನ್ನು ಕಾಪಾಡುತ್ತಿರಲಿಲ್ಲ. ಕೈತಪ್ಪು, ಕೈತಪ್ಪು ಎಂದು ಹೇಳಿಸಿಕೊಳ್ಳಲು ನನ್ನ ಮಾತೇ ಅವಳಿಗೆ ಬೇಕಾಗಿತ್ತು. ಆ ಮಾತನ್ನು ನಾನೇ ಕೊಟ್ಟಿದ್ದೆ. ಈಗ ಅವಳದ್ದೇನೂ ತಪ್ಪಿಲ್ಲ ಎಂದು ಸಾಕ್ಷಿಯನ್ನೂ ನಾನೇ ಕೊಟ್ಟೆ.

ಗುಮ್ಮಿ ಕೆಳಗೆ ನೋಡಿದಳು. ಸೊಸೆ ಕತ್ತು ಎತ್ತಿ ಅವಳನ್ನೇ ನೋಡುತ್ತಿದ್ದಳು. ಆ ಕಣ್ಣಲ್ಲಿ ಬೆದರಿಕೆಯಿದ್ದಿದ್ದರೆ ಸುಲಭವಾಗುತ್ತಿತ್ತು. ಇದ್ದದ್ದು ಬೇಡಿಕೆ.

"ತಂಗೀ," ತುಟಿ ಮಾತ್ರ ಅಲುಗಿತು.

"ಸಿಕ್ತಾ?" ಇನ್ಸ್‌ಪೆಕ್ಟರ್ ಮೇಜಿನ ಬಳಿಯಿಂದ ಕೇಳಿದರು.

ಕಿಚ್ಚು ಹತ್ತಿದ ಮನೆ, ಅರ್ಧ ಬರೆದ ನಕ್ಷೆ, ಹೇಳಿದ್ದೆನೋ ಇಲ್ಲವೋ ನೆನಪಿಲ್ಲದ ಆ ಒಂದು ಮಾತು, ಎಲ್ಲ ಒಟ್ಟಿಗೇ ಗಂಟಲಿಗೆ ಬಂದವು. ಹೊರಬಿದ್ದದ್ದು ಬೇರೆಯೇ.

"ಇಲ್ಲ ಮೇಡಮ್. ಏನೂ ಇಲ್ಲ."

ಅವಳು ಕೈ ಹಿಂದಕ್ಕೆ ತೆಗೆದಳು. ತೆಗೆಯುವಾಗ ಹೊದಿಕೆಯ ಮಡಿಕೆ ಸಡಿಲಾಯಿತು. ಗಂಟಿನೊಳಗೆ ಉಸಿರು ಕಟ್ಟಿ ಕೂತಿದ್ದ ಫ್ಯಾನು ಗಾಳಿ ಸಿಕ್ಕಿದ್ದೇ ತಡ, ಗುಂಯ್ ಎಂದು ದನಿ ಏರಿಸಿತು.

ಇನ್ಸ್‌ಪೆಕ್ಟರ್ ಕರವಸ್ತ್ರವನ್ನು ಮಡಚಿ ಜೇಬಿಗಿಟ್ಟರು.

"ನನ್ನ ಮೂಗು ರಜೆ ಹಾಕಿದೆ ಗುಮ್ಮಿ, ಕಿವಿ ಅಲ್ಲ," ಎಂದರು. "ಸ್ಟೂಲಿಂದ ಇಳಿ."